ನೆಮ್ಮದಿ ಅಳೆಯಬೇಕೆಂದರೆ ಪಾಸ್‌ಬುಕ್ಕಿನ ತಾರೀಖು ನೋಡಿ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಮಾಡುತ್ತೇನೆ. ನಮ್ಮ ವಿದ್ಯಾರ್ಥಿಗಳು ಕುಷ್ಟಗಿ, ಯಲಬುರ್ಗಾ ತಾಲ್ಲೂಕಿನ ಹಳ್ಳಿಗಳಲ್ಲಿ 200 ಮಹಿಳೆಯರನ್ನು ಭೇಟಿ ಮಾಡಿ, ‘ಗೃಹಲಕ್ಷ್ಮಿ ಹಣ ಬಂದ ಮೇಲೆ ನಿಮ್ಮ ಮನಸ್ಸಿಗೆ ನೆಮ್ಮದಿ ಬಂದಿದೆಯೇ?’ ಎಂದು ಕೇಳಿದರು. ಹೆಚ್ಚುಕಮ್ಮಿ ಎಲ್ಲರೂ ಹೌದು ಎಂದರು. ಆದರೆ ಮಾನಸಿಕ ತೊಂದರೆ ಎಂದು ತಾಲ್ಲೂಕು ಆಸ್ಪತ್ರೆಗೆ ಬರುವ ಹೆಂಗಸರ ಸಂಖ್ಯೆ ಈಚೆಗೆ ಜಾಸ್ತಿಯಾಗಿದೆ ಎಂದು ಅಲ್ಲಿನ ಸಿಬ್ಬಂದಿ ಹೇಳುತ್ತಾರೆ. ಯಾವುದನ್ನು ನಂಬಬೇಕು? ಒಂದು ಯೋಜನೆ ಜನರ ಮನಸ್ಸಿನ ಮೇಲೆ ಏನು ಪರಿಣಾಮ ಮಾಡಿತು ಎಂದು ಅಳೆಯುವುದು ನಮ್ಮಂಥ ಸಣ್ಣ ಕಾಲೇಜಿನಿಂದ ಆಗುವ ಕೆಲಸವೇ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ ಮೇಡಂ. ನಿಮ್ಮ ವಿದ್ಯಾರ್ಥಿಗಳು ಸುಳ್ಳು ಬರೆದುಕೊಂಡಿಲ್ಲ, ಆಸ್ಪತ್ರೆಯವರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮಗೆ ಬೇಕಾದ ಉತ್ತರ ಈ ಎರಡು ಲೆಕ್ಕದಲ್ಲೂ ಇಲ್ಲ.

ಆಸ್ಪತ್ರೆಯಿಂದಲೇ ಶುರು ಮಾಡೋಣ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುವ ‘ಮನೋಚೈತನ್ಯ’ ಕಾರ್ಯಕ್ರಮ ನಿಮಗೆ ಗೊತ್ತೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಅಲ್ಲಿಯ ತನಕ ಹಳ್ಳಿಯ ಹೆಂಗಸು ಆಸ್ಪತ್ರೆಗೆ ಹೋಗಬೇಕೆಂದರೆ ಬಸ್ಸಿನ ದುಡ್ಡಿಗೆ ಗಂಡನನ್ನೋ ಮಗನನ್ನೋ ಕೇಳಬೇಕಿತ್ತು. ಕೇಳಿದರೆ ಯಾಕೆ ಅಂತ ಹೇಳಬೇಕಿತ್ತು. ‘ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ’ ಅಂದರೆ ಅದಕ್ಕೆಲ್ಲ ಯಾರು ದುಡ್ಡು ಕೊಡುತ್ತಾರೆ? ಈಗ ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಿದರೆ ಆಯ್ತು. ಹತ್ತು ವರ್ಷದಿಂದ ಒದ್ದಾಡುತ್ತಿದ್ದವರು ಈ ವರ್ಷ ಬಂದರೆ ರಿಜಿಸ್ಟರಿನಲ್ಲಿ ಒಂದು ಹೆಸರು ಜಾಸ್ತಿಯಾಗುತ್ತದೆ. ಕಾಯಿಲೆ ಹಳೆಯದು, ಬಂದದ್ದು ಹೊಸದಾಗಿ. ಅಂದರೆ ಒಂದು ಯೋಜನೆ ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಇನ್ನೊಂದು ಕಡೆ ರೋಗಿಗಳ ಸಂಖ್ಯೆ ಏರಬಹುದು.

ನಿಮ್ಮ ಪಕ್ಕದ ಬಳ್ಳಾರಿಗೆ ಇದು ಹೊಸದಲ್ಲ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಅಲ್ಲಿ ಒಂದು ಪ್ರಯೋಗ ಮಾಡಿತು. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ಮಾತ್ರೆಗಳನ್ನು ಅಲ್ಲಿಗೇ ಮುಟ್ಟಿಸಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು. ಇದಕ್ಕೆ ‘ಬಳ್ಳಾರಿ ಮಾದರಿ’ ಅಂತಲೇ ಹೆಸರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಮೇಲೇ ನಿಂತಿದೆ. ಚಿಕಿತ್ಸೆ ಹತ್ತಿರ ಬಂದರೆ ಹೆಸರು ಬರೆಸುವವರು ಜಾಸ್ತಿಯಾಗುತ್ತಾರೆ. ಅದನ್ನು ನೋಡಿ ಬಳ್ಳಾರಿಯವರ ತಲೆ ಕೆಟ್ಟಿತು ಅಂತ ಯಾರೂ ತೀರ್ಮಾನ ಮಾಡುವುದಿಲ್ಲ, ಅಲ್ವಾ?

2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆಯನ್ನು ಅವಲಂಬಿಸಿ, ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಇಷ್ಟು ಜನ ಹೊರಗಿರುವಾಗ ಒಳಗೆ ಬಂದವರನ್ನು ಎಣಿಸಿ ಊರಿನ ಮನಸ್ಸು ಹೇಗಿದೆ ಅಂತ ಹೇಳಲಾಗದು. ಇನ್ನೊಂದು ಮಾತು: ಆ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, ಅದರಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ‘ಗ್ಯಾರಂಟಿಗಳಿಗಿಂತ ಮೊದಲು ನಮ್ಮಲ್ಲಿ ಹೇಗಿತ್ತು’ ಎನ್ನುವುದಕ್ಕೂ ಅದು ನಿಮಗೆ ಒದಗುವುದಿಲ್ಲ.

ಆತ್ಮಹತ್ಯೆ ಅಂಕಿ ನೋಡಬಾರದೇ ಅಂತ ನಿಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಎಲ್ಲರೂ ಕೇಳುತ್ತಾರೆ. ಒಂದು ತಾಲ್ಲೂಕಿನ ಮಟ್ಟದಲ್ಲಿ ಅದನ್ನು ಮುಟ್ಟಬೇಡಿ. ಸಂಖ್ಯೆ ಸಣ್ಣದು, ವರ್ಷದಿಂದ ವರ್ಷಕ್ಕೆ ಸುಮ್ನೆ ಏರಿಳಿಯುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎನ್ನುವ ಸಾಲನ್ನು ಎಷ್ಟು ಸಲ ಓದಿಲ್ಲ ನಾವು? ಆ ಹೊಟ್ಟೆನೋವಿನ ಹಿಂದೆ ಸಾಲವಿತ್ತೋ, ಹೊಡೆತ ಬಡಿತವಿತ್ತೋ, ಠಾಣೆಯ ಕಾಗದದಲ್ಲಿ ಸಿಗುವುದಿಲ್ಲ. ಇಡೀ ದೇಶದ ಲೆಕ್ಕ ಹಿಡಿದರೆ ಬೇರೆ ಮಾತು. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನಗದು ಕೊಡುವ ಯೋಜನೆ ಬೇರೆ ಬೇರೆ ಉಪಜಿಲ್ಲೆಗೆ ಬೇರೆ ಬೇರೆ ವರ್ಷ ತಲುಪಿತು. ಅದನ್ನು ಬಳಸಿಕೊಂಡು ಮಾಡಿದ, 2019ರಲ್ಲಿ ಪ್ರಕಟವಾದ ಅಧ್ಯಯನ, ಯೋಜನೆ ಬಂದ ಕಡೆ ಆತ್ಮಹತ್ಯೆ ನೂರಕ್ಕೆ 18ರಷ್ಟು ಇಳಿಯಿತು ಅಂತ ತೋರಿಸಿತು. ಆ ಅಳತೆಯ ಕೆಲಸ ನಮ್ಮಲ್ಲಿ ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಆದೀತು, ಕಾಲೇಜಿನಿಂದ ಆಗದು.

ಇನ್ನು ನಿಮ್ಮ 200 ಉತ್ತರಗಳು. ಯಲಬುರ್ಗಾ ಕಡೆ ಇಂಥದ್ದೇ ಒಂದು ಸಂದರ್ಶನ ನಡೆಯುವುದನ್ನು ಕೂತು ನೋಡಿದ್ದೇನೆ. ಸೊಸೆ ಕಟ್ಟೆ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ಹುಡುಗಿ ಫಾರಂ ತೆಗೆದು ಪ್ರಶ್ನೆ ಓದಿದಳು. ‘ಹೂಂರಿ, ಚಲೋ ಆಗೇತ್ರಿ’ ಅಂತ ಉತ್ತರ ಕೈ ನಿಲ್ಲಿಸದೇ ಬಂತು. ಅದರ ಬೆನ್ನಿಗೇ ಅತ್ತೆಯ ಪ್ರಶ್ನೆ: ‘ಮುಂದಿನ ಕಂತು ಯಾವಾಗ ಹಾಕ್ತೀರಿ?’ ಅತ್ತೆ ನೀರು ತರಲು ಒಳಗೆ ಹೋದಾಗ ಸೊಸೆ ಮೆಲ್ಲಗೆ ಹೇಳಿದಳು: ‘ರೊಕ್ಕ ನಮ್ಮತ್ತಿ ಹೆಸರಿಗೆ ಬರ್ತೈತ್ರಿ. ನನಗೇನ್ ಗೊತ್ತು.’

ಈ ಒಂದು ಕಟ್ಟೆಯ ಮೇಲೆ ಮೂರು ತೊಂದರೆ ಇದ್ದವು. ಫಾರಂ ಹಿಡಿದು ಬಂದವರೆಲ್ಲ ಇಲಾಖೆಯವರು ಅಂತ ಜನ ತಿಳಿಯುತ್ತಾರೆ. ಏನೂ ಉಪಯೋಗ ಆಗಿಲ್ಲ ಅಂದರೆ ಹಣ ನಿಲ್ಲಿಸಿಬಿಟ್ಟರೆ ಅನ್ನುವ ಭಯ ಇದ್ದೇ ಇರುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಿನ ಗಲಾಟೆ ಆದ ಮೇಲಂತೂ ಈ ಭಯ ದೊಡ್ಡದು. ಎರಡನೆಯದು, ಪಕ್ಕದಲ್ಲಿ ಕೇಳಿಸಿಕೊಳ್ಳುವವರು ಇದ್ದಾಗ ಯಾರೂ ಮನಸ್ಸು ಬಿಚ್ಚುವುದಿಲ್ಲ. ಮೂರನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ: ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ಇರುವ ಒಬ್ಬರಿಗೆ. ನೀವು ಕೇಳಿದ 200 ಮಂದಿಯಲ್ಲಿ ಎಷ್ಟು ಜನ ಯಜಮಾನಿಯರು, ಎಷ್ಟು ಜನ ಸೊಸೆಯರು? ಮಲಾವಿ ದೇಶದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯರಿಗೆ ನಗದು ಕೊಟ್ಟು ನೋಡಿದಾಗ ಹಣ ಸಿಕ್ಕವರ ಮನಸ್ಸಿನ ಸಂಕಟ ಇಳಿಯಿತು, ಅದೇ ಊರಲ್ಲಿ ಹಣ ಸಿಗದ ಹುಡುಗಿಯರ ಸಂಕಟ ಏರಿತು. ಶರತ್ತು ಹಾಕಿ ಕೊಟ್ಟದ್ದಕ್ಕಿಂತ ಶರತ್ತಿಲ್ಲದೆ ಕೊಟ್ಟದ್ದು ಹೆಚ್ಚು ಒಳ್ಳೆಯದು ಮಾಡಿತು. ಯೋಜನೆ ನಿಂತ ಮೇಲೆ ಆ ಲಾಭವೂ ಕರಗಿತು. ನಮ್ಮಲ್ಲಿ ಅತ್ತೆ–ಸೊಸೆ ಒಂದೇ ಸೂರಿನಡಿ ಇದ್ದಾಗ ಒಬ್ಬರ ನೆಮ್ಮದಿ ಇನ್ನೊಬ್ಬರ ಸಂಕಟ ಆಗಿದೆಯೋ ಇಲ್ಲವೋ ಅನ್ನುವುದೇ ಒಂದು ಒಳ್ಳೆಯ ಅಧ್ಯಯನ. ಮನೆಯ ದೊಡ್ಡ ಹೆಂಗಸರನ್ನೆಲ್ಲ, ಬೇರೆ ಬೇರೆಯಾಗಿ, ಕೇಳಿ.

ಕೇಳುವಾಗ ಯೋಜನೆಯ ಹೆಸರು ಎತ್ತಲೇಬೇಡಿ. ಮೊದಲು ಮನಸ್ಸಿನ ಪ್ರಶ್ನೆ, ಆಮೇಲೆ ಮನೆ, ಹೊಲ, ಸಾಲದ ಪ್ರಶ್ನೆ, ಕಟ್ಟಕಡೆಗೆ ಯಾವ ಯಾವ ಹಣ ಬರುತ್ತದೆ ಎನ್ನುವುದು. ನಿಮ್ಮದೇ ಪ್ರಶ್ನೆ ಬರೆಯುವ ಗೋಜಿಗೆ ಹೋಗಬೇಡಿ, ಪರೀಕ್ಷೆಯಾದ ಮಾಪಕಗಳಿವೆ. ಪಿಎಚ್‌ಕ್ಯೂ-9 ಅನ್ನುವುದರಲ್ಲಿ ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಬೇಸರ, ನಿದ್ದೆ, ಹಸಿವು, ಸುಸ್ತು ಹೇಗಿತ್ತು ಅಂತ ಕೇಳಿ, ಒಂದೊಂದಕ್ಕೆ 0ಯಿಂದ 3 ಅಂಕ ಹಾಕುತ್ತಾರೆ. ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು, ವೈದ್ಯರು ನೋಡಬೇಕು ಅಂತ ಅರ್ಥ. ನಿಮ್ಮ ವಿದ್ಯಾರ್ಥಿಗಳಿಗೆ ಮಾತ್ರ ನಾನು ಇದಕ್ಕಿಂತ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಕೊಡುತ್ತೇನೆ. ಐದೇ ಪ್ರಶ್ನೆ. ಎರಡು ವಾರದಲ್ಲಿ ಖುಷಿಯಾಗಿದ್ದಿರಾ, ಮನಸ್ಸು ಶಾಂತವಾಗಿತ್ತಾ, ಮೈಯಲ್ಲಿ ಚೈತನ್ಯ ಇತ್ತಾ, ಎದ್ದಾಗ ಆಯಾಸ ಹೋಗಿತ್ತಾ, ದಿನದಲ್ಲಿ ಆಸಕ್ತಿಯ ಸಂಗತಿ ಇತ್ತಾ. 25 ಅಂಕವನ್ನು ನಾಲ್ಕರಿಂದ ಗುಣಿಸಿ 100ಕ್ಕೆ ಲೆಕ್ಕ ಹಾಕುತ್ತಾರೆ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ‘ಹೌದು’ ಅಂತ ಉತ್ತರ ಬಂದರೆ ಟಿಕ್ ಹಾಕಿಕೊಂಡು ಮುಂದಿನ ಮನೆಗೆ ಹೋಗುವ ಹಾಗಿಲ್ಲ. ಅದನ್ನು ನಿಭಾಯಿಸುವ ತರಬೇತಿ ಇಲ್ಲದವರು ಅದನ್ನು ಕೇಳಬಾರದು.

ಡಬ್ಲ್ಯುಎಚ್‌ಒ-5 ಹಿಡಿದು ಹೋದರೂ ಯಾರಾದರೂ ಅತ್ತುಬಿಡುತ್ತಾರೆ, ಅಥವಾ ಬದುಕು ಸಾಕಾಗಿದೆ ಅನ್ನುತ್ತಾರೆ. ಹೊರಡುವ ಮೊದಲೇ ವ್ಯವಸ್ಥೆ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದ ಚೀಟಿ ಎಲ್ಲರಿಗೂ ಕೊಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಮೊದಲೇ ತಿಳಿಸಿ, ಯಾರನ್ನು ಕಳಿಸಬೇಕು ಅಂತ ಹೆಸರು ಕೇಳಿಟ್ಟುಕೊಳ್ಳಿ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ್ದನ್ನೋ ಹತ್ತಿರದ ವೈದ್ಯಕೀಯ ಕಾಲೇಜಿನದ್ದನ್ನೋ ಕೇಳಿ.

ಮಾಪಕ ಸರಿಯಾಯ್ತು ಅಂತಿಟ್ಟುಕೊಳ್ಳೋಣ. ನಿಜವಾದ ಕಷ್ಟ ಶುರುವಾಗುವುದು ಈಗ. ಈ ಹಣ ಬರದೇ ಇದ್ದಿದ್ದರೆ ಇದೇ ಹೆಂಗಸರು ಹೇಗಿರುತ್ತಿದ್ದರು? ಅದು ಕಣ್ಣಿಗೆ ಕಾಣುವುದಿಲ್ಲ. ಅದರ ಜಾಗಕ್ಕೆ ಏನನ್ನು ತಂದು ನಿಲ್ಲಿಸುತ್ತೀರಿ ಎನ್ನುವುದರ ಮೇಲೆ ಇಡೀ ಅಧ್ಯಯನ ನಿಂತಿದೆ.

‘ಮೊದಲು ಹೇಗಿತ್ತು, ಈಗ ಹೇಗಿದೆ’ ಎನ್ನುವ ಹೋಲಿಕೆ ನಮ್ಮ ಭಾಗದಲ್ಲಿ ಕೈಕೊಡುತ್ತದೆ. ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ಕ್ಕೆ. ಅದೇ ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರಿನಲ್ಲಿ 195 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು, ಆಮೇಲೆ ಸೇರಿಸುತ್ತಾ ಹೋಗಿ 236ರಲ್ಲಿ 223 ಆಯಿತು. ತುಂಗಭದ್ರಾ ಜಲಾಶಯ ಆ ವರ್ಷ ತುಂಬಲಿಲ್ಲ. ಹಾಗಿರುವಾಗ 2022ಕ್ಕೂ 2024ಕ್ಕೂ ಹೋಲಿಸಿ ನೆಮ್ಮದಿ ಇಳಿದಿದೆ ಅಂತ ಕಂಡರೆ ಅದು ಬರದ್ದೋ ಯೋಜನೆಯದ್ದೋ? ಮುಂದಿನ ವರ್ಷ, 2024ರ ಆಗಸ್ಟ್‌ನಲ್ಲಿ, ಜಲಾಶಯ ತುಂಬಿತು ಅನ್ನುವಷ್ಟರಲ್ಲಿ 19ನೇ ಕ್ರೆಸ್ಟ್ ಗೇಟಿನ ಚೈನ್ ಕಿತ್ತುಹೋಯಿತು. ಗಂಗಾವತಿ, ಸಿಂಧನೂರಿನ ಭತ್ತದ ಮನೆಗಳಲ್ಲಿ ಆ ವಾರ ಯಾರು ನಿದ್ದೆ ಮಾಡಿದರು? ಕುಷ್ಟಗಿಯ ಖುಷ್ಕಿ ಹೊಲದವರಿಗೆ ಅದು ಬರೀ ಸುದ್ದಿ. ಹಾಗಾಗಿ ನೀರಾವರಿ ಹಳ್ಳಿ, ಖುಷ್ಕಿ ಹಳ್ಳಿಗಳನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಬಳ್ಳಾರಿಯ ಹಳೆಯ ಅಂಕಿಗಳನ್ನು ಹೊಸದರ ಜೊತೆ ಹೋಲಿಸುವವರಿಗೆ ಇನ್ನೊಂದು ಗುಂಡಿ ಇದೆ. 2021ರಲ್ಲಿ ಹೊಸಪೇಟೆ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ಜಿಲ್ಲೆಯ ಹೆಸರು ಅದೇ, ಒಳಗಿರುವ ಜನ ಬೇರೆ.

ಸಣ್ಣ ವಿಷಯಗಳೂ ಕಾಡುತ್ತವೆ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ನಿಂತು ‘ಎರಡು ವಾರದಿಂದ ನಿದ್ದೆ ಹೇಗಿದೆ’ ಅಂತ ಕೇಳಿದರೆ ನೀವು ಅಳೆಯುತ್ತಿರುವುದು ಖಿನ್ನತೆಯನ್ನಲ್ಲ, ಬಿಸಿಲನ್ನು. ಗುಳೆ ಹೋದವರು ನಿಮ್ಮ ಪಟ್ಟಿಯಲ್ಲೇ ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಬೀಗ ಬಿದ್ದ ಮನೆಗಳೇ ಎಲ್ಲರಿಗಿಂತ ಕಷ್ಟದಲ್ಲಿರುವ ಮನೆಗಳು. ಅವರನ್ನು ಬಿಟ್ಟು ಸರ್ವೇ ಮಾಡಿದರೆ ಊರು ಇರುವುದಕ್ಕಿಂತ ನೆಮ್ಮದಿಯಾಗಿ ಕಾಣುತ್ತದೆ. ಬೀಗದ ಮನೆಯ ಲೆಕ್ಕವನ್ನೂ ಬರೆದಿಡಿ, ಸಾಧ್ಯವಾದರೆ ಅವರನ್ನು ಫೋನಿನಲ್ಲಿ ಮಾತನಾಡಿಸಿ.

ಸರಿ, ಹಾಗಾದರೆ ಹೋಲಿಕೆ ಎಲ್ಲಿಂದ ತರುವುದು? ಅತಿ ಒಳ್ಳೆಯ ಅವಕಾಶ ಸಿಗುವುದು ಯೋಜನೆ ಎಲ್ಲ ಕಡೆ ಒಂದೇ ದಿನ ಬಾರದೆ ಹಂತಹಂತವಾಗಿ ಬಂದಾಗ. ನಿಮ್ಮ ಮೂರು ಜಿಲ್ಲೆಗಳಲ್ಲೇ ಅಂಥದ್ದೊಂದು ನಡೆದಿತ್ತು. ಉದ್ಯೋಗ ಖಾತ್ರಿ ರಾಯಚೂರಿಗೆ 2006ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲೇ ಬಂತು. ಬಳ್ಳಾರಿಗೆ 2007ರಲ್ಲಿ, ಕೊಪ್ಪಳಕ್ಕೆ 2008ರ ಏಪ್ರಿಲ್‌ನಲ್ಲಿ. ಅಕ್ಕಪಕ್ಕದ ಜಿಲ್ಲೆ, ಅದೇ ಮಳೆ, ಅದೇ ರೊಟ್ಟಿ, ಎರಡು ವರ್ಷದ ಅಂತರ. ಆ ಹೊತ್ತಿನಲ್ಲಿ ಮೂರೂ ಕಡೆ ಒಂದೇ ಮಾಪಕದಿಂದ ಜನರ ಮನಸ್ಸನ್ನು ಅಳೆದು ಇಟ್ಟಿದ್ದರೆ ಇವತ್ತು ಚಿನ್ನದಂಥ ಮಾಹಿತಿ ಇರುತ್ತಿತ್ತು. ಅಲ್ಲೂ ಒಂದು ಎಚ್ಚರ ಬೇಕು. ಹಿಂದುಳಿದ ಜಿಲ್ಲೆ ಅಂತಲೇ ರಾಯಚೂರನ್ನು ಮೊದಲು ಆರಿಸಿದ್ದು, ಚೀಟಿ ಎತ್ತಿ ಅಲ್ಲ. ಹಾಗಾಗಿ ಯಾವ ಜಿಲ್ಲೆ ಮೇಲಿದೆ, ಯಾವುದು ಕೆಳಗಿದೆ ಎಂದು ನೋಡಿದರೆ ಸಾಲದು. ಯೋಜನೆ ಬಂದ ಮೇಲೆ ಯಾವುದರ ದಿಕ್ಕು ಬದಲಾಯಿತು ಅಂತ ನೋಡಬೇಕು.

ಬ್ರಿಟನ್‌ನಲ್ಲಿ ಇದನ್ನೇ ಮಾಡಿದರು. ಯೂನಿವರ್ಸಲ್ ಕ್ರೆಡಿಟ್ ಎಂಬ ಹೊಸ ಭತ್ಯೆ ವ್ಯವಸ್ಥೆ 2013ರಿಂದ 2018ರವರೆಗೆ ಒಂದೊಂದೇ ಪ್ರದೇಶಕ್ಕೆ ಬಂತು. ಮೊದಲ ಹಣ ಕೈಗೆ ಬರಲು ಐದಾರು ವಾರ ಕಾಯಬೇಕಿತ್ತು. ಅಲ್ಲಿ ಒಂದೇ ಮನೆಗಳನ್ನು ವರ್ಷ ವರ್ಷವೂ ಭೇಟಿ ಮಾಡುವ ದೊಡ್ಡ ಸಮೀಕ್ಷೆ ಇದೆ. ಅದರಲ್ಲಿ 12 ಪ್ರಶ್ನೆಗಳ ಮಾನಸಿಕ ಸಂಕಟದ ಮಾಪಕವೂ ಇದೆ. ವ್ಯವಸ್ಥೆ ಬಂದ ಮೇಲೆ ನಿರುದ್ಯೋಗಿಗಳಲ್ಲಿ ಸಂಕಟ ಇರುವವರ ಪ್ರಮಾಣ 6.57 ಶೇಕಡಾ ಅಂಶ ಏರಿತು ಅಂತ 2020ರಲ್ಲಿ ಪ್ರಕಟಿಸಿದರು. ಅದಕ್ಕಿಂತ ಮೊದಲು, 2010ರಿಂದ 2013ರ ತನಕ, ಇಂಗ್ಲೆಂಡಿನಲ್ಲಿ ಅಂಗವೈಕಲ್ಯದ ಭತ್ಯೆ ಪಡೆಯುತ್ತಿದ್ದ 10 ಲಕ್ಷಕ್ಕೂ ಹೆಚ್ಚು ಜನರನ್ನು ‘ನಿಮಗೆ ಕೆಲಸ ಮಾಡಲು ಆಗುತ್ತದೆಯೇ’ ಎಂದು ಮರುಪರೀಕ್ಷೆ ಮಾಡಿದರು. ಎಲ್ಲಿ ಪರೀಕ್ಷೆ ಹೆಚ್ಚು, ಎಲ್ಲಿ ಕಮ್ಮಿ ಎಂದು 149 ಸ್ಥಳೀಯ ಆಡಳಿತಗಳನ್ನು ಹೋಲಿಸಿದಾಗ, ಪ್ರತಿ 10,000 ಮರುಪರೀಕ್ಷೆಗೆ ಹೆಚ್ಚುವರಿಯಾಗಿ 6 ಆತ್ಮಹತ್ಯೆ ಮತ್ತು ಮಾನಸಿಕ ತೊಂದರೆ ಇದೆ ಎಂದು ಹೇಳಿಕೊಂಡ 2,700 ಪ್ರಕರಣ ಕಂಡುಬಂದವು. ಖಿನ್ನತೆಯ ಮಾತ್ರೆಯ ಚೀಟಿಗಳು 7,020 ಹೆಚ್ಚಾದವು. ಯಾರ ಭತ್ಯೆ ನಿಂತಿತು ಅನ್ನುವುದಷ್ಟೇ ಅಲ್ಲ, ನಿಲ್ಲಬಹುದು ಅಂತ ಕಾಯುವುದೂ ಒಂದು ಹೊಡೆತ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಗೃಹಲಕ್ಷ್ಮಿ ರಾಜ್ಯಕ್ಕೆಲ್ಲ ಒಟ್ಟಿಗೇ ಬಂತು, ಆ ಹಂತಗಳು ಇಲ್ಲಿಲ್ಲ. ಕೆಲವರು ಗಡಿಯಾಚೆ ನೋಡುತ್ತಾರೆ. ಶಕ್ತಿ ಯೋಜನೆಗಾದರೆ ಅದು ಚೆನ್ನಾಗಿದೆ. ತೆಲಂಗಾಣದಲ್ಲಿ ಮಹಿಳೆಯರಿಗೆ ಉಚಿತ ಬಸ್ ಬಂದದ್ದು 2023ರ ಡಿಸೆಂಬರ್ 9ಕ್ಕೆ, ಆಂಧ್ರದಲ್ಲಿ 2025ರ ಆಗಸ್ಟ್ 15ಕ್ಕೆ. ರಾಯಚೂರಿನಿಂದ ಕೃಷ್ಣಾ ದಾಟಿದರೆ ಆರು ತಿಂಗಳ ಅಂತರ, ತುಂಗಭದ್ರಾ ದಾಟಿದರೆ ಎರಡು ವರ್ಷದ ಅಂತರ. ಆದೋನಿ, ರಾಯದುರ್ಗದ ಕಡೆ ಕನ್ನಡ ಮಾತನಾಡುವ ಹಳ್ಳಿಗಳೂ ಇವೆ, ಅದೇ ಪ್ರಶ್ನೆಪತ್ರಿಕೆ ನಡೆಯುತ್ತದೆ. ಆದರೆ ಆಂಧ್ರದಲ್ಲಿ 2024ರ ಜುಲೈನಿಂದ ವೃದ್ಧಾಪ್ಯ ಪಿಂಚಣಿ 3,000ದಿಂದ 4,000ಕ್ಕೆ ಏರಿತು. ಅಲ್ಲಿಂದಾಚೆಗೆ ವಯಸ್ಸಾದವರಿರುವ ಮನೆಗಳ ಹೋಲಿಕೆ ಕೆಟ್ಟಿತು.

ವಯಸ್ಸು ಅಂದ ಕೂಡಲೇ ನೆನಪಾಯ್ತು. ಸಂಧ್ಯಾ ಸುರಕ್ಷಾ ಪಿಂಚಣಿ 65 ತುಂಬಿದವರಿಗೆ. 64ರವರನ್ನೂ 66ರವರನ್ನೂ ಹೋಲಿಸಿದರೆ ಉತ್ತರ ಬಂದೇಬಿಡುತ್ತೆ ಅಂತ ಪುಸ್ತಕ ಓದಿದವರು ಹೇಳುತ್ತಾರೆ. ಆ ತಲೆಮಾರಿನ ಅರ್ಧ ಜನರ ಹುಟ್ಟಿದ ದಿನ ಮೇಷ್ಟ್ರು ಬರೆಸಿದ ಜೂನ್ 1, ಉಳಿದವರದು ಆಧಾರ್ ಮಾಡಿಸಿದ ಹುಡುಗ ಹಾಕಿದ ಜನವರಿ 1. ಅದನ್ನು ನಂಬಿ ಯಾರು ಗೆರೆ ಎಳೆಯುತ್ತಾರೆ?

ನಿಮ್ಮ ಕಾಲೇಜಿಗೆ ನಾನು ಸೂಚಿಸುವ ದಾರಿ ಬೇರೆ. ಗೃಹಲಕ್ಷ್ಮಿ ಎಲ್ಲರಿಗೂ ಒಟ್ಟಿಗೆ ಶುರುವಾದರೂ ಹಣ ಎಲ್ಲರ ಖಾತೆಗೆ ಒಂದೇ ದಿನ ಬೀಳುವುದಿಲ್ಲ. ಎರಡು ಮೂರು ತಿಂಗಳು ಬರದೆ, ಆಮೇಲೆ ಒಟ್ಟಿಗೆ ಬಂದದ್ದೂ ಇದೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದವರದು, ಇ-ಕೆವೈಸಿ ಆಗದವರದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದವರದು ತಿಂಗಳುಗಟ್ಟಲೆ ನಿಂತಿರುತ್ತದೆ. ಬೈಸಿಕೊಳ್ಳುವ ಈ ತಡವೇ ನಿಮಗೆ ಹೋಲಿಕೆಯ ಹಿಡಿಕೆ. ಆದ್ದರಿಂದ ‘ಯೋಜನೆ ಸಿಗುತ್ತಿದೆಯೇ, ಹೌದು ಅಥವಾ ಇಲ್ಲ’ ಎನ್ನುವ ಒಂದು ಕಾಲಂ ಸಾಕಾಗದು. ಪಾಸ್‌ಬುಕ್ಕೋ ಮೊಬೈಲಿನ ಮೆಸೇಜೋ ನೋಡಿ, ಕಳೆದ ಆರು ಕಂತು ಯಾವ ತಾರೀಖಿಗೆ ಬಿದ್ದವು ಅಂತ ಬರೆದುಕೊಳ್ಳಿ. ಕೊನೆಯ ಕಂತು ಬಂದು ಎಷ್ಟು ದಿನವಾಯ್ತು, ಎಷ್ಟು ಕಂತು ಬಾಕಿ ಇದೆ ಅಂತ ಗೊತ್ತಾಗುತ್ತದೆ. ಅದೇ ಮಹಿಳೆಯರನ್ನು ಎರಡು ತಿಂಗಳಿಗೊಮ್ಮೆ, ಒಂದು ವರ್ಷ, ಅದೇ ಐದು ಪ್ರಶ್ನೆ ಕೇಳಿ. ಆಗ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವ ತೊಂದರೆಯೇ ಕಮ್ಮಿಯಾಗುತ್ತದೆ. ಹಣ ಬಂದ ತಿಂಗಳಿನ ಆಕೆಯನ್ನು ಹಣಕ್ಕಾಗಿ ಕಾಯುತ್ತಿದ್ದ ತಿಂಗಳಿನ ಆಕೆಯ ಜೊತೆಗೇ ಹೋಲಿಸಬಹುದು. ಗಂಡ ಕುಡಿಯುತ್ತಾನೋ, ಹೊಲ ಎಷ್ಟಿದೆಯೋ, ಮನೆ ಕಟ್ಟಿದೆಯೋ, ಎರಡೂ ತಿಂಗಳಲ್ಲಿ ಅವೆಲ್ಲ ಒಂದೇ. ಬದಲಾಗುವುದು ಮಳೆ, ಕೂಲಿ, ಹಬ್ಬ. ಅದಕ್ಕೆ ಅದೇ ಹಳ್ಳಿಯಲ್ಲಿ ಅದೇ ವಾರ ಹಣ ಬಾರದ ಹೆಂಗಸರು ಇರುತ್ತಾರಲ್ಲ, ಅವರ ಏರಿಳಿತ ನೋಡಿ ಕಳೆಯಬಹುದು.

ಇದಕ್ಕೂ ಮಿತಿ ಇದೆ. ದಾಖಲೆ ಸರಿಯಿಲ್ಲದವರು ಓದು ಬಾರದವರೇ, ಒಂಟಿಯಾಗಿರುವವರೇ ಹೆಚ್ಚಿರಬಹುದು. ಈ ವಿಧಾನದಿಂದ ಸಿಗುವುದು ಕಂತು ಬಂದಾಗ, ತಪ್ಪಿದಾಗ ಮನಸ್ಸು ಎಷ್ಟು ಏರಿಳಿಯುತ್ತದೆ ಎನ್ನುವುದು. ಯೋಜನೆಯೇ ಇಲ್ಲದಿದ್ದರೆ ಏನಾಗುತ್ತಿತ್ತು ಎನ್ನುವ ಪೂರ್ತಿ ಉತ್ತರ ಅಲ್ಲ. ಆದರೂ ನನ್ನ ಪ್ರಕಾರ ಇಲಾಖೆಯವರಿಗೆ ಹೆಚ್ಚು ಉಪಯೋಗ ಇದರಿಂದಲೇ. ಯೋಜನೆ ಬೇಕೋ ಬೇಡವೋ ಎನ್ನುವುದು ರಾಜಕೀಯದವರ ತೀರ್ಮಾನ. ಹಣ ತಿಂಗಳು ತಿಂಗಳು ಒಂದೇ ತಾರೀಖಿಗೆ ಬರಬೇಕೋ ಬೇಡವೋ ಎನ್ನುವುದನ್ನು ಅಧಿಕಾರಿಗಳೇ ಸರಿಮಾಡಬಹುದು. ಸಂಘದ ಸಾಲ ಕಟ್ಟುವ ಕಂತು ವಾರ ತಪ್ಪದೆ ಬರುತ್ತದೆ, ಸರ್ಕಾರದ ಕಂತು ಬರುವುದಿಲ್ಲ ಎನ್ನುವ ಕಡೆಯೇ ಸಂಕಟ ಕೂತಿದೆ ಅಂತ ನನ್ನ ಗುಮಾನಿ. ಹಾಗಾಗಿ ಮೈಕ್ರೊ ಫೈನಾನ್ಸ್ ಸಾಲದ ಪ್ರಶ್ನೆಯನ್ನೂ ಸೇರಿಸಿ: ಎಷ್ಟು ಸಾಲ, ವಾರಕ್ಕೆ ಎಷ್ಟು ಕಟ್ಟಬೇಕು, ವಸೂಲಿಗೆ ಮನೆ ಬಾಗಿಲಿಗೆ ಬಂದರೇ. 2025ರ ಫೆಬ್ರುವರಿಯಲ್ಲಿ ಕಿರುಕುಳದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು. ಅದೇ ತಿಂಗಳಿನಿಂದ ಅನ್ನಭಾಗ್ಯದಲ್ಲಿ ತಲೆಗೆ 170 ರೂಪಾಯಿ ನಗದಿನ ಬದಲು ಅಕ್ಕಿ ಕೊಡುವುದಾಯಿತು. ಐದು ಜನರ ಮನೆಗೆ ತಿಂಗಳಿಗೆ 850 ರೂಪಾಯಿ ನಿಂತು ಚೀಲದಲ್ಲಿ ಅಕ್ಕಿ ಬಂತು. ಆ ಹೊತ್ತಿನ ಹಳೆಯ ಅಂಕಿ ಇಟ್ಟುಕೊಂಡು ಗೃಹಲಕ್ಷ್ಮಿಯೊಂದನ್ನೇ ನೋಡುತ್ತೇನೆ ಅಂದರೆ ಆಗುವುದಿಲ್ಲ.

200 ಮಂದಿ ಸಾಕೇ ಅಂದರೆ, ಒಮ್ಮೆ ಮಾತ್ರ ಕೇಳುವುದಾದರೆ ಸಾಲದು. ಬಡ ಮತ್ತು ಮಧ್ಯಮ ಆದಾಯದ ದೇಶಗಳ 45 ಅಧ್ಯಯನಗಳನ್ನು, 1,16,999 ಜನರ ಮಾಹಿತಿಯನ್ನು ಒಟ್ಟು ಮಾಡಿ ನೋಡಿದ 2022ರ ವಿಶ್ಲೇಷಣೆಯಲ್ಲಿ, ನಗದು ಯೋಜನೆಗಳಿಂದ ಮನಸ್ಸಿಗೆ ಆದ ಒಳಿತು ಸುಮಾರು 0.1 ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಜನರ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿರುತ್ತವೋ ಅದರ ಹತ್ತನೇ ಒಂದು ಭಾಗ. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಎಷ್ಟು ಜನ ಬೇಕು ಎನ್ನುವುದಕ್ಕೆ ಒಂದು ಕೈಲೆಕ್ಕ ಇದೆ: ವ್ಯತ್ಯಾಸದ ವರ್ಗದಿಂದ 16ನ್ನು ಭಾಗಿಸಿ. 0.1ರ ವರ್ಗ 0.01, ಹಾಗಾಗಿ ಒಂದು ಗುಂಪಿಗೆ 1,600, ಎರಡು ಗುಂಪಿಗೆ 3,200. ಒಂದೊಂದು ಹಳ್ಳಿಯಲ್ಲಿ 20 ಜನರಂತೆ ಕೇಳಿದರೆ ಇನ್ನೂ ಬೇಕು. ಒಂದೇ ಊರಿನವರು ಒಬ್ಬರಂತೆ ಒಬ್ಬರು ಇರುವುದರಿಂದ ಸುಲಭವಾಗಿ ದುಪ್ಪಟ್ಟಾಗುತ್ತದೆ. ನಿಮ್ಮ 200ನ್ನು 100–100 ಅಂತ ಎರಡು ಗುಂಪು ಮಾಡಿದರೆ 0.4ಕ್ಕಿಂತ ಕಮ್ಮಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ. ಅಂಥ ದೊಡ್ಡ ಪರಿಣಾಮ ಯಾವ ನಗದು ಯೋಜನೆಯೂ ಸಾಮಾನ್ಯವಾಗಿ ಮಾಡುವುದಿಲ್ಲ. ಅದಕ್ಕೇ ಅದೇ ಜನರನ್ನು ಐದಾರು ಸಲ ಕಾಣಿ ಅಂದದ್ದು. ಬೇಕಾದ ಸಂಖ್ಯೆ ಅದರಿಂದ ತುಂಬಾ ಇಳಿಯುತ್ತದೆ. ಬಳ್ಳಾರಿ, ರಾಯಚೂರಿನ ಒಂದೆರಡು ಕಾಲೇಜು ಜೊತೆಗೂಡಿ, ಅದೇ ಫಾರಂ ಹಿಡಿದು ಕೆಲಸ ಹಂಚಿಕೊಂಡರೆ 600–800 ಮಹಿಳೆಯರನ್ನು ವರ್ಷವಿಡೀ ಕಾಣುವುದು ಆಗದ ಮಾತಲ್ಲ.

0.1 ಅಂದರೆ ಇಷ್ಟೇನಾ ಅಂತ ನಿಮ್ಮ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಲೆಕ್ಕ ಹಾಕಿ ತೋರಿಸಿ. ಊರಿನವರ ಪಿಎಚ್‌ಕ್ಯೂ-9 ಸರಾಸರಿ 5, ಹರಡು (ಸ್ಟ್ಯಾಂಡರ್ಡ್ ಡೀವಿಯೇಷನ್) 5, ಅಂಕಗಳು ಗಂಟೆಯಾಕಾರದಲ್ಲಿ ಹಂಚಿವೆ ಅಂತ ಇಟ್ಟುಕೊಳ್ಳಿ. ಹತ್ತು ದಾಟಿದವರು ನೂರಕ್ಕೆ ಸುಮಾರು 16. ಎಲ್ಲರ ಒಟ್ಟಿನಲ್ಲಿ ಅರ್ಧ ಅಂಕ ಇಳಿದರೆ, ಅಂದರೆ ಹರಡಿನ 0.1 ಆದರೆ, ಅದು ಸುಮಾರು 13.6ಕ್ಕೆ ಬರುತ್ತದೆ. ಒಬ್ಬೊಬ್ಬರಿಗೆ ಗೊತ್ತೂ ಆಗದ ಬದಲಾವಣೆ. ಲಕ್ಷ ಹೆಂಗಸರಿರುವ ಕಡೆ ಮಾತ್ರ 2,300 ಮಂದಿ ಆ ಗೆರೆಯಿಂದ ಕೆಳಗೆ ಇಳಿದಿರುತ್ತಾರೆ. ವೈದ್ಯರು ಒಬ್ಬ ರೋಗಿಯನ್ನು ನೋಡುವ ಕಣ್ಣಿನಿಂದ ಇದನ್ನು ನೋಡಿದರೆ ‘ಏನೂ ಆಗಿಲ್ಲ’ ಅನ್ನುತ್ತಾರೆ. ಯೋಜನೆಯನ್ನು ಊರಿನ ಲೆಕ್ಕದಲ್ಲೇ ನೋಡಬೇಕು.

ಈಗಾಗಲೇ ತುಂಬಿರುವ 200 ಫಾರಂ ಬಿಸಾಡಬೇಡಿ. ‘ಮಹಿಳೆಯರು ಯೋಜನೆಯನ್ನು ಹೇಗೆ ನೋಡುತ್ತಾರೆ’ ಎನ್ನುವುದಕ್ಕೆ ಅವು ಬರುತ್ತವೆ, ವರದಿಯ ತಲೆಬರಹವನ್ನೂ ಅಷ್ಟಕ್ಕೇ ನಿಲ್ಲಿಸಿ. ‘ಮಾನಸಿಕ ಆರೋಗ್ಯ ಸುಧಾರಿಸಿದೆ’ ಅಂತ ಬರೆದರೆ ನಾಳೆ ಯಾರೋ ಅದನ್ನು ಭಾಷಣದಲ್ಲಿ ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಆಸ್ಪತ್ರೆಯ ರಿಜಿಸ್ಟರ್ ತಂದು ಎದುರಿಡುತ್ತಾರೆ. ಅದೇ ಮನೆಗಳಿಗೆ ಮುಂಗಾರು ಬಿತ್ತನೆಗೆ ಮೊದಲು ಒಂದು ಸಲ ಹೋಗಿ. ಈ ಸಲ ಯಜಮಾನಿ ಯಾರು ಅಂತ ಕೇಳಿ, ಐದು ಪ್ರಶ್ನೆ ಹಾಕಿ, ಪಾಸ್‌ಬುಕ್ ತೋರಿಸಿ ಅನ್ನಿ. ಮನೆಯ ಗುರುತಿಗೆ ಹೆಸರಿನ ಬದಲು ಒಂದು ನಂಬರ್ ಇಡಿ. ಹೆಸರು–ನಂಬರ್ ಪಟ್ಟಿ ನಿಮ್ಮ ಬೀರುವಿನಲ್ಲಿ ಇರಲಿ, ವಿದ್ಯಾರ್ಥಿಗಳ ಫೋನಿನಲ್ಲಿ ಬೇಡ. ಪಾಸ್‌ಬುಕ್ಕಿನ ಫೋಟೊ ಹೊಡೆಯುವುದೂ ಬೇಡ, ತಾರೀಖು ಬರೆದುಕೊಂಡರೆ ಸಾಕು.